ಹರಿವಿಗೆ ಎದುರಾಗಿ ಈಜುವ ಸಾಕುಮೀನು: ಅದರ ದೇಹದೊಳಗೆ ಏನು ಬದಲಾಗುತ್ತದೆ?

ತೊಟ್ಟಿ ಸಾಕಣೆದಾರ:

ಎಲ್ಲರಿಗೂ ನಮಸ್ಕಾರ. ನಾನು ದುಂಡು ತೊಟ್ಟಿಗಳಲ್ಲಿ ರೈನ್‌ಬೋ ಟ್ರೌಟ್ ಮೀನು ಸಾಕುತ್ತಿದ್ದೇನೆ. ನೀರು ಬರುವ ಕೊಳವೆಗಳ ಬಾಯಿಯನ್ನು ಓರೆಯಾಗಿ ತಿರುಗಿಸಿ ತೊಟ್ಟಿಯ ನೀರು ಸದಾ ಸುತ್ತುವಂತೆ ಮಾಡಿದರೆ ಮೀನುಗಳು ಹರಿವಿಗೆ ಎದುರಾಗಿ ಈಜುತ್ತಲೇ ಇರುತ್ತವೆ, ಅದರಿಂದ ಬೆಳವಣಿಗೆ ಹೆಚ್ಚುತ್ತದೆ ಎಂದು ಈ ಕಸುಬಿನಲ್ಲಿರುವ ಹಲವರು ಹೇಳುತ್ತಾರೆ. ನನಗೆ ಇದರ ತರ್ಕ ಅರ್ಥವಾಗಿಲ್ಲ. ಈಜುವುದಕ್ಕೆ ಶಕ್ತಿ ಬೇಕು, ಆ ಶಕ್ತಿ ನಾವು ಹಾಕುವ ಮೇವಿನಿಂದಲೇ ಬರಬೇಕು. ಹೀಗಿರುವಾಗ ಹೆಚ್ಚು ಈಜಿದ ಮೀನು ಹೆಚ್ಚು ತೂಗುವುದು ಹೇಗೆ? ಸ್ನಾಯು, ಹೃದಯ, ರಕ್ತ, ರೋಗನಿರೋಧಕ ಶಕ್ತಿ ಇವುಗಳಲ್ಲಿ ನಿಜಕ್ಕೂ ಬದಲಾವಣೆ ಆಗುತ್ತದೆಯೇ? ಆಗುವುದಾದರೆ ಎಷ್ಟು ವೇಗದ ಹರಿವು ಸರಿ? ಅನುಭವಿಗಳೂ ಓದಿಕೊಂಡವರೂ ದಯವಿಟ್ಟು ತಿಳಿಸಬೇಕು.

ಶರೀರಕ್ರಿಯಾ ಅಧ್ಯಾಪಕಿ:

ನಿಮ್ಮ ಪ್ರಶ್ನೆಯ ಕೊನೆಯ ಭಾಗದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದೆಲ್ಲ ಉತ್ತರಗಳೂ ಅದರ ಮೇಲೆ ನಿಂತಿವೆ. ಮೀನಿನ ವ್ಯಾಯಾಮದ ವೇಗವನ್ನು ಸೆಕೆಂಡಿಗೆ ಇಷ್ಟು ಸೆಂಟಿಮೀಟರ್ ಎಂದು ಹೇಳಿದರೆ ಏನೂ ಹೇಳಿದಂತಾಗುವುದಿಲ್ಲ; ಆ ಮೀನು ತನ್ನ ದೇಹದ ಉದ್ದದ ಎಷ್ಟು ಪಟ್ಟು ದೂರವನ್ನು ಒಂದು ಸೆಕೆಂಡಿನಲ್ಲಿ ಈಜುತ್ತಿದೆ ಎಂದು ಹೇಳಬೇಕು. ಸೆಕೆಂಡಿಗೆ 20 ಸೆಂಟಿಮೀಟರ್ ಹರಿವು 10 ಸೆಂಟಿಮೀಟರಿನ ಮರಿಗೆ 2 ದೇಹದುದ್ದ, 40 ಸೆಂಟಿಮೀಟರಿನ ಮೀನಿಗೆ ಕೇವಲ ಅರ್ಧ ದೇಹದುದ್ದ. ಮೊದಲನೆಯದಕ್ಕೆ ಅದು ಗಟ್ಟಿ ದುಡಿಮೆ, ಎರಡನೆಯದಕ್ಕೆ ನಿಂತಲ್ಲೇ ನಿಂತಂತೆ.

ಇನ್ನು ಸ್ನಾಯುವಿನ ವಿಚಾರ. ಮೀನಿನ ಪಕ್ಕೆಯುದ್ದಕ್ಕೂ, ಪಾರ್ಶ್ವರೇಖೆಯ (ಪಕ್ಕೆಯ ಮೇಲೆ ತಲೆಯಿಂದ ಬಾಲದವರೆಗೆ ಕಾಣುವ ಗೆರೆ) ಕೆಳಗೆ ಚರ್ಮಕ್ಕೆ ತಾಗಿದಂತೆ ಕೆಂಪು ಸ್ನಾಯುವಿನ ತೆಳುವಾದ ಪಟ್ಟಿಯೊಂದಿರುತ್ತದೆ. ಹೆಚ್ಚಿನ ಮೀನುಗಳಲ್ಲಿ ಇದು ಒಟ್ಟು ಸ್ನಾಯುವಿನ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ. ಆದರೆ ಇದರಲ್ಲಿ ರಕ್ತನಾಳಗಳೂ ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾಗಳೂ ದಟ್ಟವಾಗಿರುವುದರಿಂದ ಆಮ್ಲಜನಕ ಬಳಸಿ ದಣಿವಿಲ್ಲದೆ ಗಂಟೆಗಟ್ಟಲೆ ದುಡಿಯಬಲ್ಲದು. ಉಳಿದ ದೊಡ್ಡ ಪಾಲು ಬಿಳಿ ಸ್ನಾಯು. ನಾವು ತಿನ್ನುವ ಮಾಂಸವೂ ಬಹುಪಾಲು ಅದೇ. ಬೇಟೆಗೆ ಹಾರುವಾಗ, ಅಪಾಯದಿಂದ ತಪ್ಪಿಸಿಕೊಳ್ಳುವಾಗ ಅದು ತನ್ನಲ್ಲಿ ಕೂಡಿಟ್ಟ ಸಕ್ಕರೆಯಾದ ಗ್ಲೈಕೋಜೆನ್ ಒಡೆದು ಕ್ಷಣಮಾತ್ರದ ಭಾರೀ ಶಕ್ತಿ ಕೊಡುತ್ತದೆ, ಲ್ಯಾಕ್ಟೇಟ್ ಶೇಖರವಾಗುತ್ತದೆ, ಬೇಗ ದಣಿಯುತ್ತದೆ. ನಿರಂತರ ಈಜು ಎಂದರೆ ಕೆಂಪು ಸ್ನಾಯುವಿನ ಹೊಣೆಯಲ್ಲಿ ನಡೆಯುವ ಈಜು. ವೇಗ ಏರುತ್ತ ಹೋದಂತೆ ಕೆಂಪು ಸ್ನಾಯು ಒಂದು ಹಂತದಲ್ಲಿ ಸಾಲದಾಗಿ ಬಿಳಿ ಸ್ನಾಯುವಿನ ನೆರವು ಬೇಕಾಗುತ್ತದೆ. ಟ್ರೌಟ್, ಸಾಲ್ಮನ್, ಕಾರ್ಪ್ ಜಾತಿಗಳಲ್ಲಿ ಬಿಳಿ ಸ್ನಾಯುವಿನ ಎಳೆಗಳಿಗೆ ಹಲವು ಕಡೆಗಳಿಂದ ನರಸಂಪರ್ಕ ಇರುವುದರಿಂದ ಸಾಧಾರಣ ವೇಗದಲ್ಲಿಯೂ ಅವು ಸ್ವಲ್ಪಮಟ್ಟಿಗೆ ಭಾಗವಹಿಸುತ್ತವೆ. ನನ್ನ ದೃಷ್ಟಿಯಲ್ಲಿ ಬೆಳವಣಿಗೆಯ ರಹಸ್ಯದ ಒಂದು ಭಾಗ ಇಲ್ಲಿದೆ: ಹೀಗೆ ಹದವಾಗಿ ದುಡಿದ ಬಿಳಿ ಎಳೆಗಳು ದಪ್ಪಗಾಗುತ್ತವೆ, ಅವುಗಳ ಸುತ್ತ ಲೋಮನಾಳಗಳು ಹೆಚ್ಚುತ್ತವೆ, ಆಮ್ಲಜನಕ ಬಳಸುವ ಕಿಣ್ವಗಳ ಚಟುವಟಿಕೆಯೂ ಏರುತ್ತದೆ. ಸ್ನಾಯುವಿನಲ್ಲಿ ಪ್ರೋಟೀನ್ ಒಡೆಯುವುದೂ ಹೆಚ್ಚಬಹುದು, ಆದರೆ ಕಟ್ಟುವುದು ಅದಕ್ಕಿಂತ ಹೆಚ್ಚಾದಾಗ ಉಳಿಯುವುದೇ ತೂಕ.

ಶಕ್ತಿಯ ಲೆಕ್ಕಕ್ಕೆ ಬರೋಣ. ನಿಂತ ನೀರಿನ ಮೀನು ಸುಮ್ಮನಿರುತ್ತದೆ ಎಂಬ ಕಲ್ಪನೆಯಿಂದ ನಿಮ್ಮ ಸಂದೇಹ ಹುಟ್ಟಿದೆ. ನಿಂತ ನೀರಿನಲ್ಲಿ ಟ್ರೌಟ್ ಸುಮ್ಮನಿರುವುದಿಲ್ಲ. ಬಲಿಷ್ಠ ಮೀನುಗಳು ಜಾಗ ಹಿಡಿಯುತ್ತವೆ, ಉಳಿದವನ್ನು ಅಟ್ಟುತ್ತವೆ, ರೆಕ್ಕೆ ಕಚ್ಚುತ್ತವೆ. ಈ ಥಟ್ಟನೆಯ ಓಟ, ತಿರುವು, ನಿಲುಗಡೆಗಳು ಒಂದೇ ಸಮನೆ ಈಜುವುದಕ್ಕಿಂತ ದುಬಾರಿ. ಸೋತ ಮೀನುಗಳ ರಕ್ತದಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಸದಾ ಮೇಲಿರುತ್ತದೆ, ಅವುಗಳ ಹಸಿವು ಇಂಗುತ್ತದೆ. ಹದವಾದ ಹರಿವು ಬಂದೊಡನೆ ಎಲ್ಲವೂ ಒಂದೇ ದಿಕ್ಕಿಗೆ ಮುಖಮಾಡಿ ಗುಂಪಾಗಿ ಈಜುತ್ತವೆ, ಜಗಳಕ್ಕೆ ಬಿಡುವಿರುವುದಿಲ್ಲ. ಆರ್ಕ್ಟಿಕ್ ಚಾರ್ ಎಂಬ ಮೀನಿನಲ್ಲಿ ಇದನ್ನು ಬಹಳ ಸ್ಪಷ್ಟವಾಗಿ ಕಂಡಿದ್ದಾರೆ. ಹರಿವಿನಿಂದ ಮೇವೂ ತೊಟ್ಟಿಯ ತುಂಬ ಹರಡುವುದರಿಂದ ಯಾವುದೋ ಕೆಲವು ಮೀನುಗಳು ಅದನ್ನು ಕಾವಲು ಕಾಯಲಾರವು. ಹಸಿವು ಹೆಚ್ಚಿ, ತಿಂದದ್ದು ಸಮನಾಗಿ ಹಂಚಿಹೋಗಿ, ಗಾತ್ರದ ಅಂತರವೂ ಕಡಿಮೆಯಾಗುತ್ತದೆ.

ಮರುಬಳಕೆ ನೀರಿನ ಎಂಜಿನಿಯರ್:

ಅಧ್ಯಾಪಕಿಯವರು ದೇಹದುದ್ದದ ಮಾತನ್ನು ಮೊದಲು ಎತ್ತಿದ್ದು ನನಗೆ ಬಹಳ ಸಂತೋಷ ತಂದಿತು. ಸಾಕಣೆ ಕೇಂದ್ರಗಳಲ್ಲಿ ಪಂಪು, ಕೊಳವೆಗಳನ್ನು ಆರಂಭದಲ್ಲಿ ಒಮ್ಮೆ ಹೊಂದಿಸಿ ಮೀನು ಮಾರುಕಟ್ಟೆಗೆ ಹೋಗುವವರೆಗೂ ಹಾಗೆಯೇ ಬಿಡುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಮೀನು 15 ಸೆಂಟಿಮೀಟರ್ ಇದ್ದಾಗ ಸೆಕೆಂಡಿಗೆ 22.5 ಸೆಂಟಿಮೀಟರಿನ ಹರಿವು ಒಂದೂವರೆ ದೇಹದುದ್ದ. ಅದೇ ಮೀನು 30 ಸೆಂಟಿಮೀಟರ್ ಆದಾಗ ಅದು ಮುಕ್ಕಾಲು ದೇಹದುದ್ದಕ್ಕೆ ಇಳಿದಿರುತ್ತದೆ. ಯಾರೂ ಏನನ್ನೂ ಮುಟ್ಟದಿದ್ದರೂ ವ್ಯಾಯಾಮ ತಾನಾಗಿ ಅರ್ಧವಾಯಿತು. ಆಮೇಲೆ ಮೀನುಗಳು ಮತ್ತೆ ಜಗಳಕ್ಕೆ ಇಳಿದರೆ, ಹರಿವಿನಿಂದ ಪ್ರಯೋಜನವಿಲ್ಲ ಎಂಬ ತೀರ್ಮಾನಕ್ಕೆ ಬರುತ್ತಾರೆ.

ಅಳೆಯುವುದು ಕಷ್ಟವಲ್ಲ. ನೀರಿನಲ್ಲಿ ಬಹುಮಟ್ಟಿಗೆ ಮುಳುಗಿಯೇ ತೇಲುವ ಒಂದು ವಸ್ತುವನ್ನು ಬಿಟ್ಟು ಅದು ಒಂದು ಸುತ್ತು ಮುಗಿಸಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡಬೇಕು. ಕೇಂದ್ರದಿಂದ ಒಂದೂವರೆ ಮೀಟರ್ ದೂರದಲ್ಲಿ ಅದು ಸುತ್ತುತ್ತಿದ್ದರೆ ಸುತ್ತಳತೆ ಸುಮಾರು 9.4 ಮೀಟರ್, 42 ಸೆಕೆಂಡು ಹಿಡಿದರೆ ವೇಗ ಸೆಕೆಂಡಿಗೆ ಸುಮಾರು 22 ಸೆಂಟಿಮೀಟರ್. ಗೋಡೆಯ ಕಡೆ, ನಡುವಿನಲ್ಲಿ, ಕೇಂದ್ರದ ಬಳಿ ಹೀಗೆ ಬೇರೆಬೇರೆ ಕಡೆ ಅಳೆಯಿರಿ. ಅಳತೆಯನ್ನು ಮೀನುಗಳು ಇರುವಾಗಲೇ ಮಾಡಬೇಕು, ಏಕೆಂದರೆ ಗುಂಪಾಗಿ ಈಜುವ ಮೀನುಗಳೇ ನೀರನ್ನು ತಡೆದು ನಿಧಾನಗೊಳಿಸುತ್ತವೆ. ಖಾಲಿ ತೊಟ್ಟಿಯಲ್ಲಿ ಸಿಕ್ಕ ಅಂಕಿಯನ್ನು ತುಂಬಿದ ತೊಟ್ಟಿಗೆ ಹೊಂದಿಸಲಾಗದು.

ದುಂಡು ತೊಟ್ಟಿಯ ದೊಡ್ಡ ಗುಣವೆಂದರೆ ಅಂಚಿನಿಂದ ಒಳಕ್ಕೆ ಹೋದಂತೆ ವೇಗ ಬದಲಾಗುವುದು. ಒಂದು ಮೀನು ತನಗೆ ಹೊಂದುವ ಜಾಗವನ್ನು ಆರಿಸಿಕೊಳ್ಳಬಹುದು, ದಣಿದದ್ದು ನಿಧಾನದ ಕಡೆಗೆ ಸರಿಯಬಹುದು. ವೇಗ ಹೆಚ್ಚಿಸಲು ಯಾವಾಗಲೂ ಹೆಚ್ಚು ನೀರು ಪಂಪು ಮಾಡಬೇಕೆಂದಿಲ್ಲ. ಕೊಳವೆಯ ರಂಧ್ರದ ಗಾತ್ರ ಕಿರಿದು ಮಾಡಿ, ಅದರ ದಿಕ್ಕನ್ನು ಬದಲಿಸಿದರೆ ಅಷ್ಟೇ ನೀರು ತೊಟ್ಟಿಯನ್ನು ಬೇಗ ಸುತ್ತಿಸುತ್ತದೆ, ಆದರೆ ಪಂಪಿನ ಮೇಲಿನ ಒತ್ತಡ ಏರುತ್ತದೆ. ಸುತ್ತುವ ನೀರು ಮಲವನ್ನೂ ಉಳಿದ ಮೇವನ್ನೂ ನಡುವಿನ ತೂತಿನ ಕಡೆಗೆ ತಳ್ಳಿ ತೊಟ್ಟಿಯನ್ನು ಶುದ್ಧವಾಗಿಡುತ್ತದೆ ಎಂಬುದು ಇದರ ಜೊತೆಗೇ ಸಿಗುವ ಲಾಭ.

ತೊಟ್ಟಿ ಸಾಕಣೆದಾರ:

ಇಬ್ಬರಿಗೂ ಕೃತಜ್ಞತೆಗಳು. ಹಾಗಾದರೆ ಟ್ರೌಟ್‌ಗೆ ಎಷ್ಟು ದೇಹದುದ್ದ ಎಂದು ಇಟ್ಟುಕೊಳ್ಳಬೇಕು? ಮೀನು ಈಜಬಲ್ಲ ಗರಿಷ್ಠ ವೇಗದ ಹತ್ತಿರ ಇಟ್ಟರೆ ಹೆಚ್ಚು ಲಾಭವೇ?

ಶರೀರಕ್ರಿಯಾ ಅಧ್ಯಾಪಕಿ:

ಖಂಡಿತ ಇಲ್ಲ. ಗರಿಷ್ಠ ವೇಗ ಅಳೆಯುವ ಕ್ರಮವನ್ನು ಕೆನಡಾದ ವಿಜ್ಞಾನಿ ಜೆ. ಆರ್. ಬ್ರೆಟ್ ಅವರು 1964ರಲ್ಲಿ ಸಾಕೈ ಸಾಲ್ಮನ್ ಮರಿಗಳ ಮೇಲಿನ ಕೆಲಸದಲ್ಲಿ ರೂಪಿಸಿದರು. ಮುಚ್ಚಿದ ಸುರಂಗದಲ್ಲಿ ಮೀನನ್ನು ಇಟ್ಟು, ಹರಿವಿನ ವೇಗವನ್ನು ನಿಗದಿತ ಹೊತ್ತಿಗೊಮ್ಮೆ ಒಂದೊಂದೇ ಮೆಟ್ಟಿಲಂತೆ ಏರಿಸುತ್ತ, ಮೀನು ಸೋತು ಹಿಂದಿನ ಜಾಲಿಗೆ ಒರಗುವವರೆಗೆ ನೋಡುತ್ತಾರೆ. ಪೂರ್ತಿ ಮುಗಿಸಿದ ಕೊನೆಯ ಮೆಟ್ಟಿಲಿನ ವೇಗಕ್ಕೆ, ಸೋತ ಮೆಟ್ಟಿಲಿನಲ್ಲಿ ಈಜಿದ ಹೊತ್ತಿನ ಪಾಲನ್ನು ಕೂಡಿಸಿದರೆ ನಿರ್ಣಾಯಕ ಈಜುವೇಗ ಸಿಗುತ್ತದೆ. ಅದು ಪ್ರಯೋಗಾಲಯದ ಮಿತಿ, ಸಾಕಣೆಯ ಗುರಿಯಲ್ಲ. ಅಲ್ಲಿಗೆ ಮುಟ್ಟುವ ಮೊದಲೇ ಬಿಳಿ ಸ್ನಾಯು ಪೂರ್ಣವಾಗಿ ದುಡಿಯತೊಡಗಿರುತ್ತದೆ. ಇನ್ನೊಂದು ಸಂಗತಿಯನ್ನೂ ಅದೇ ಸುರಂಗಗಳು ತೋರಿಸಿಕೊಟ್ಟವು: ವೇಗ ಸಮನಾಗಿ ಏರಿದರೂ ಆಮ್ಲಜನಕದ ಬಳಕೆ ಸಮನಾಗಿ ಏರುವುದಿಲ್ಲ, ಅದು ಘಾತೀಯವಾಗಿ ಏರುತ್ತದೆ. ಕೆಳಗಿನ ವೇಗಗಳಲ್ಲಿ ಅರ್ಧ ದೇಹದುದ್ದ ಸೇರಿಸಿದರೆ ತೆರಬೇಕಾದ ಬೆಲೆ ಅಲ್ಪ. ಮೇಲಿನ ವೇಗಗಳಲ್ಲಿ ಅಷ್ಟನ್ನೇ ಸೇರಿಸಿದರೆ ಮೇವಿನ ಶಕ್ತಿಯೆಲ್ಲ ಅಲ್ಲಿಗೇ ಸುರಿಯುತ್ತದೆ. ಸಾಲ್ಮನ್ ಕುಟುಂಬದ ಮೀನುಗಳಲ್ಲಿ ಬೆಳವಣಿಗೆಗೆ ಒಳ್ಳೆಯದೆಂದು ಮತ್ತೆಮತ್ತೆ ಕಂಡುಬಂದದ್ದು ಸೆಕೆಂಡಿಗೆ ಸುಮಾರು 1 ದೇಹದುದ್ದದ ಆಸುಪಾಸು, ಸಣ್ಣ ಮೀನುಗಳಿಗೆ 1.5ರವರೆಗೆ. ದೊಡ್ಡ ಮೀನುಗಳಿಗೆ ದೇಹದುದ್ದದ ಲೆಕ್ಕದಲ್ಲಿಯೂ ಸ್ವಲ್ಪ ಕೆಳಗಿರುವುದೇ ಕ್ಷೇಮ. ಸಮುದ್ರಕ್ಕೆ ಬಿಟ್ಟ ಅಟ್ಲಾಂಟಿಕ್ ಸಾಲ್ಮನ್ ಮರಿಗಳನ್ನು ಬೇರೆಬೇರೆ ಹರಿವಿನಲ್ಲಿ ಸಾಕಿದಾಗ 1.5 ದೇಹದುದ್ದದ ವೇಗದಲ್ಲಿ ಬೆಳವಣಿಗೆ ಕುಂದಿದ್ದೂ ಇದೆ.

ಮೀನುಗಾರಿಕೆ ವಿದ್ಯಾರ್ಥಿ:

ಮೇಡಂ, ಒಂದು ಪ್ರಶ್ನೆ. ಹರಿವಿನಲ್ಲಿ ಬೆಳೆದ ಮೀನಿನ ಹೃದಯ ಬೇರೆಯಾಗಿರುತ್ತದೆ, ಅದು ರೋಗವನ್ನೂ ಚೆನ್ನಾಗಿ ತಡೆದುಕೊಳ್ಳುತ್ತದೆ ಎಂದು ತರಗತಿಯಲ್ಲಿ ಕೇಳಿದ್ದೆ. ಇದಕ್ಕೆ ಗಟ್ಟಿ ಆಧಾರವಿದೆಯೇ?

ಶರೀರಕ್ರಿಯಾ ಅಧ್ಯಾಪಕಿ:

ಇದೆ. ನನಗೆ ಬೆಳವಣಿಗೆಗಿಂತಲೂ ಮುಖ್ಯವೆನಿಸುವ ವಿಷಯ ಇದೇ. ಮೀನಿನ ಹೃದಯಕ್ಕೆ ಬರುವುದು ದೇಹವನ್ನೆಲ್ಲ ಸುತ್ತಿ ಆಮ್ಲಜನಕ ಕಳೆದುಕೊಂಡ ರಕ್ತ. ರಕ್ತವನ್ನು ಹೊರತಳ್ಳುವ ಕೋಣೆಯಾದ ಹೃತ್ಕುಕ್ಷಿಯ ಒಳಪದರ ಸ್ಪಂಜಿನಂತಿದ್ದು ಆ ರಕ್ತದಿಂದಲೇ ತನ್ನ ಪಾಲಿನ ಆಮ್ಲಜನಕವನ್ನು ಹೀರಬೇಕು. ಸಾಲ್ಮನ್, ಟ್ರೌಟ್‌ಗಳಲ್ಲಿ ಅದರ ಹೊರಗೆ ದಟ್ಟವಾದ ಇನ್ನೊಂದು ಪದರವಿದ್ದು ಅದಕ್ಕೆ ಕಿವಿರಿನಿಂದ ನೇರವಾಗಿ ಬರುವ ಶುದ್ಧ ರಕ್ತವನ್ನು ಕೊರೊನರಿ ನಾಳಗಳು ಒದಗಿಸುತ್ತವೆ. ಮೀನು ರಭಸದಿಂದ ಈಜಿದಾಗ ಸ್ನಾಯುಗಳು ಆಮ್ಲಜನಕವನ್ನೆಲ್ಲ ಕಸಿದುಕೊಳ್ಳುವುದರಿಂದ ಒಳಪದರಕ್ಕೆ ಕೊರತೆ ಬೀಳುತ್ತದೆ. ಅಂದರೆ ಹೃದಯಕ್ಕೆ ಅತಿ ಹೆಚ್ಚು ಕೆಲಸವಿರುವ ಗಳಿಗೆಯಲ್ಲೇ ಅದಕ್ಕೆ ಸಿಗುವುದು ಅತಿ ಕಡಿಮೆ. ಆಗ ಕೈಹಿಡಿಯುವುದು ಈ ಹೊರಪದರ.

ಕಾಡು ಸಾಲ್ಮನ್‌ನ ಹೃತ್ಕುಕ್ಷಿ ಮೂರು ಮೂಲೆಯ ಪಿರಮಿಡ್ಡಿನಂತೆ ಚೂಪಾಗಿರುತ್ತದೆ. ಸಾಕಿದ ಸಾಲ್ಮನ್, ಟ್ರೌಟ್‌ಗಳಲ್ಲಿ ಅದು ದುಂಡಗಾಗಿ, ಕೊಬ್ಬು ಮೆತ್ತಿಕೊಂಡಿರುವುದನ್ನು ನಾರ್ವೆಯ ಪಶುವೈದ್ಯ ಸಂಶೋಧಕರು 2003ರಲ್ಲಿ ವಿವರಿಸಿದರು. ಅಂಥ ಮೀನುಗಳು ಗಾತ್ರ ವಿಂಗಡಣೆ, ಸಾಗಣೆ, ಮೈಗೆ ಹತ್ತಿದ ಮೀನುಹೇನು ತೆಗೆಯುವ ಕೆಲಸಗಳ ಒತ್ತಡದಲ್ಲಿ ಇದ್ದಕ್ಕಿದ್ದಂತೆ ಸಾಯುವುದಕ್ಕೂ ಹೃದಯದ ಈ ಸ್ಥಿತಿಗೂ ನಂಟಿದೆ. ಈಜಿನ ತರಬೇತಿ ಹೃದಯದಲ್ಲಿ ಲೋಮನಾಳಗಳನ್ನೂ ಆಮ್ಲಜನಕ ಬಳಸುವ ಸಾಮರ್ಥ್ಯವನ್ನೂ ಹೆಚ್ಚಿಸುತ್ತದೆ. ರೋಗದ ವಿಷಯದಲ್ಲಿ, 2011ರಲ್ಲಿ ಪ್ರಕಟವಾದ ಅಟ್ಲಾಂಟಿಕ್ ಸಾಲ್ಮನ್ ಅಧ್ಯಯನವೊಂದರಲ್ಲಿ ತರಬೇತಿ ಪಡೆದ ಮೀನುಗಳು ಮೇದೋಜೀರಕ ಗ್ರಂಥಿಯನ್ನು ಕೊಳೆಸುವ ಐಪಿಎನ್ ವೈರಸ್ಸಿಗೆ ಒಡ್ಡಿಕೊಂಡಾಗ ಹೆಚ್ಚು ಸಂಖ್ಯೆಯಲ್ಲಿ ಬದುಕುಳಿದವು. ಎಲ್ಲ ರೋಗಗಳಿಗೂ ಎಲ್ಲ ಜಾತಿಗಳಿಗೂ ಇದನ್ನೇ ಹೇಳಿಬಿಡುವುದು ತಪ್ಪಾಗುತ್ತದೆ.

ಮೀನುರೋಗ ವೈದ್ಯ:

ಇಷ್ಟು ಹೊತ್ತು ಲಾಭಗಳ ಬಗ್ಗೆ ಒಳ್ಳೆಯ ಚರ್ಚೆ ನಡೆದಿದೆ. ಹಾನಿಯ ಕಡೆಯನ್ನು ನಾನು ಗಟ್ಟಿಯಾಗಿ ಹೇಳಲೇಬೇಕು, ಏಕೆಂದರೆ ಈ ವೇದಿಕೆಯನ್ನು ಓದಿ ನಾಳೆಯೇ ಮರಿಗಳ ತೊಟ್ಟಿಯಲ್ಲಿ ಹರಿವು ಹೆಚ್ಚಿಸುವವರು ಇದ್ದಾರೆ.

ಮೊದಲನೆಯದು ಬೆನ್ನುಮೂಳೆ. ಯುರೋಪಿನ ಸೀ ಬಾಸ್ ಮರಿಗಳನ್ನು ಬಲವಾದ ಹರಿವಿನಲ್ಲಿ ಸಾಕಿದಾಗ ಬೆನ್ನುಮೂಳೆ ಕೆಳಮುಖವಾಗಿ ಬಾಗಿ ಬೆನ್ನು ತಗ್ಗಿದಂತಾಗುವುದನ್ನು 1997ರಲ್ಲೇ ವರದಿ ಮಾಡಿದ್ದಾರೆ. ವಾಯುಚೀಲ ಸರಿಯಾಗಿ ಉಬ್ಬದ ಮರಿಗಳಲ್ಲಿ ಅಪಾಯ ಇನ್ನೂ ಹೆಚ್ಚು: ಅವು ಮುಳುಗದಿರಲು ತಲೆ ಮೇಲೆತ್ತಿ ಸದಾ ಬಾಲ ಬಡಿಯುತ್ತಿರಬೇಕಾಗುವುದರಿಂದ ಇನ್ನೂ ಗಟ್ಟಿಯಾಗದ ಮೂಳೆಯ ಮೇಲೆ ಸ್ನಾಯುವಿನ ಎಳೆತ ಬೀಳುತ್ತದೆ. ಮೂಳೆ ಗಟ್ಟಿಯಾದ ಮೇಲೆ ಅದೇ ಎಳೆತ ಒಳ್ಳೆಯದನ್ನೇ ಮಾಡುತ್ತದೆ, ಕಶೇರುಗಳಲ್ಲಿ ಖನಿಜಾಂಶ ಹೆಚ್ಚುತ್ತದೆ. ಆದ್ದರಿಂದ ಸಣ್ಣ ಮರಿಗಳಿಗೆ ಹರಿವು ಮೆಲ್ಲಗಿರಲಿ, ವಾಯುಚೀಲ ಉಬ್ಬಿದೆಯೇ ಎಂದು ಮೊದಲು ನೋಡಿಕೊಳ್ಳಲಿ.

ಎರಡನೆಯದು ಕಿವಿರು. ಹೆಚ್ಚು ಆಮ್ಲಜನಕ ಬೇಕೆಂದಾಗ ಮೀನು ಕಿವಿರಿನ ಹೆಚ್ಚು ಹಾಳೆಗಳಿಗೆ ರಕ್ತ ಹರಿಸುತ್ತದೆ. ಆಮ್ಲಜನಕ ಒಳಬರುವ ಆ ತೆಳು ಪೊರೆಯ ಮೂಲಕವೇ ಸಿಹಿನೀರಿನ ಮೀನಿನಿಂದ ಸೋಡಿಯಂ, ಕ್ಲೋರೈಡ್ ಸೋರಿಹೋಗುತ್ತವೆ, ನೀರು ಒಳನುಗ್ಗುತ್ತದೆ. ಕಡಲ ಮೀನಿನಲ್ಲಿ ಇದರ ತಿರುಗು ಮುರುಗು. ತರಬೇತಿ ಪಡೆದ ಮೀನು ಈ ಸೋರಿಕೆಯನ್ನು ಕಡಿಮೆ ಮಾಡಿಕೊಳ್ಳಲು ಕಲಿಯುತ್ತದೆ, ಆದರೆ ಕಿವಿರಿಗೆ ಪರೋಪಜೀವಿ ಹತ್ತಿದ್ದರೆ ಅಥವಾ ಉರಿಯೂತವಿದ್ದರೆ ಅದಕ್ಕೆ ಅವಕಾಶವಿರದು. ನೀರಿನಲ್ಲಿ ಅಮೋನಿಯಾ ಏರಿದರೂ ಸ್ನಾಯುವಿನ ಶಕ್ತಿ ಕುಗ್ಗಿ ಈಜುವ ಸಾಮರ್ಥ್ಯ ಇಳಿಯುತ್ತದೆ. ಕಾಯಿಲೆ ಬಿದ್ದ ತೊಟ್ಟಿಯಲ್ಲಿ ನಾನು ಹೇಳುವ ಮೊದಲ ಸಲಹೆಯೇ ಹರಿವನ್ನು ಇಳಿಸಿ, ಆಮ್ಲಜನಕವನ್ನು ಏರಿಸಿ ಎಂಬುದು.

ಮೂರನೆಯದಾಗಿ, ತಳಕ್ಕೆ ಅಂಟಿ ಬದುಕುವ ಚಪ್ಪಟೆ ಮೀನುಗಳಿಗೂ ಹೆಚ್ಚು ಈಜದ ಜಾತಿಗಳಿಗೂ ಟ್ರೌಟ್‌ನ ಅಂಕಿಗಳನ್ನು ಹೊರಿಸಬಾರದು. ಪ್ರಕೃತಿಯಲ್ಲಿ ಹರಿವಿಗೆ ಎದುರಾಗಿ ಬದುಕದ ಮೀನಿಗೆ ತೊಟ್ಟಿಯಲ್ಲಿ ಅದು ಶಿಕ್ಷೆಯಾಗುತ್ತದೆ.

ಮರುಬಳಕೆ ನೀರಿನ ಎಂಜಿನಿಯರ್:

ವೈದ್ಯರ ಮಾತಿಗೆ ಒಂದನ್ನು ಸೇರಿಸುತ್ತೇನೆ. ಮೇವು ತಿಂದ ಮೇಲಿನ ಕೆಲವು ಗಂಟೆಗಳಲ್ಲಿ ಜೀರ್ಣಕ್ರಿಯೆಗೇ ಹೆಚ್ಚು ಆಮ್ಲಜನಕ ಬೇಕು, ಆದ್ದರಿಂದ ಹೊಟ್ಟೆ ತುಂಬಿದ ಟ್ರೌಟ್‌ನ ಗರಿಷ್ಠ ಈಜುವೇಗ ಹಸಿದ ಟ್ರೌಟ್‌ನದಕ್ಕಿಂತ ಕಡಿಮೆ. ಬೆಳಗಿನ ಅಳತೆಯನ್ನು ನಂಬಿ ಆಮ್ಲಜನಕದ ಪೂರೈಕೆಯನ್ನು ಹೊಂದಿಸಿದರೆ ಮೇವಿನ ನಂತರದ ಹೊತ್ತಿನಲ್ಲಿ ಕೊರತೆ ಬೀಳುತ್ತದೆ. ಹರಿವಿರುವ ತೊಟ್ಟಿಯಲ್ಲಿ ಕರಗಿದ ಆಮ್ಲಜನಕವನ್ನು ನೀರು ಹೊರಹೋಗುವ ಕಡೆ, ಮೇವಿನ ನಂತರವೇ ನೋಡಬೇಕು.

ತೊಟ್ಟಿ ಸಾಕಣೆದಾರ:

ವೈದ್ಯರೇ, ನಿಮ್ಮ ಎಚ್ಚರಿಕೆಯನ್ನು ಗಂಭೀರವಾಗಿ ತೆಗೆದುಕೊಂಡಿದ್ದೇನೆ. ಇನ್ನೆರಡು ಸಂದೇಹಗಳಿವೆ. ಬಲೆ ಹಾಕಿ ಹಿಡಿದು ವಿಂಗಡಿಸಿದ ಮೇಲೆ ಮೀನುಗಳನ್ನು ನಿಂತ ನೀರಿನಲ್ಲಿ ವಿಶ್ರಾಂತಿಗೆ ಬಿಡುವುದು ನಮ್ಮಲ್ಲಿ ರೂಢಿ. ಅದು ಸರಿಯೇ? ಹಾಗೆಯೇ, ಕೆಲವು ಮೀನುಗಳು ಮಾರಾಟದ ಗಾತ್ರಕ್ಕೆ ಬರುವ ಮೊದಲೇ ಮೊಟ್ಟೆ, ವೀರ್ಯ ಕಟ್ಟಿಕೊಂಡು ಬೆಳವಣಿಗೆ ನಿಲ್ಲಿಸುತ್ತವೆ. ಇದಕ್ಕೂ ಈಜಿಗೂ ಸಂಬಂಧವಿದೆಯೇ?

ಶರೀರಕ್ರಿಯಾ ಅಧ್ಯಾಪಕಿ:

ಮೊದಲ ಪ್ರಶ್ನೆಗೆ ಉತ್ತರ ನಮ್ಮ ಸಹಜ ಊಹೆಗೆ ವಿರುದ್ಧವಾಗಿದೆ. 2000ರಲ್ಲಿ ಪ್ರಕಟವಾದ ಕೆಲಸವೊಂದರಲ್ಲಿ ರೈನ್‌ಬೋ ಟ್ರೌಟ್‌ಗಳನ್ನು ಪೂರ್ತಿ ದಣಿಯುವಂತೆ ಅಟ್ಟಿ, ಆಮೇಲೆ ಕೆಲವನ್ನು ನಿಂತ ನೀರಿನಲ್ಲಿಯೂ ಕೆಲವನ್ನು ಸೆಕೆಂಡಿಗೆ ಸುಮಾರು 0.9 ದೇಹದುದ್ದದ ಮೆಲುಹರಿವಿನಲ್ಲಿಯೂ ಬಿಟ್ಟರು. ಮೆಲ್ಲಗೆ ಈಜುತ್ತಿದ್ದವುಗಳಲ್ಲಿ ಕಾರ್ಟಿಸಾಲ್ ಏರಲಿಲ್ಲ, ಲ್ಯಾಕ್ಟೇಟ್ ಬೇಗ ಕರಗಿತು, ಸ್ನಾಯುವಿನ ಗ್ಲೈಕೋಜೆನ್ ಬೇಗ ತುಂಬಿಕೊಂಡಿತು. ನಿಂತ ನೀರಿನವು ಬಹಳ ಹೊತ್ತು ಹಿಂದುಳಿದವು. ಆದ್ದರಿಂದ ವಿಂಗಡಣೆಯ ನಂತರ ಆರೋಗ್ಯವಂತ ಮೀನುಗಳಿಗೆ ನಿಂತ ನೀರು ಕೊಡಬೇಡಿ, ಮೆಲುಹರಿವು ಕೊಡಿ. ಆಮ್ಲಜನಕ ಮಾತ್ರ ತುಂಬಿರಬೇಕು.

ಎರಡನೆಯದು ನನಗೆ ಬಹಳ ಆಸಕ್ತಿಯ ವಿಷಯ. ಪ್ರಕೃತಿಯಲ್ಲಿ ಎಷ್ಟೋ ಮೀನುಗಳು ವಲಸೆ ಮುಗಿಯುವವರೆಗೆ ಸಂತಾನೋತ್ಪತ್ತಿಯ ಖರ್ಚನ್ನು ಮುಂದೂಡುತ್ತವೆ. ಯುರೋಪಿನ ಹಾವುಮೀನು ಈಲ್ ಸಾರ್ಗಾಸೊ ಸಮುದ್ರಕ್ಕೆ ಸುಮಾರು 5,500 ಕಿಲೋಮೀಟರ್ ಏನನ್ನೂ ತಿನ್ನದೆ ಈಜುತ್ತದೆ. ಅಷ್ಟೇ ದೂರವನ್ನು ಈಜುಸುರಂಗದಲ್ಲಿ ಈಜಿಸಿದಾಗ ಅದು ತೂಕದ ಐದನೆಯ ಒಂದು ಪಾಲನ್ನಷ್ಟೇ ಕಳೆದುಕೊಂಡಿತು. ಈ ಈಲ್‌ಗಳಲ್ಲಿಯೂ ಹೆಣ್ಣು ಟ್ರೌಟ್‌ಗಳಲ್ಲಿಯೂ ಈಜುತ್ತಿರುವಾಗ ಯಕೃತ್ತು ಮೊಟ್ಟೆಯ ಹಳದಿಯ ಪ್ರೋಟೀನನ್ನು ತಯಾರಿಸುವುದು ತಗ್ಗುತ್ತದೆ. ಗಂಡು ಸೀ ಬಾಸ್‌ಗಳಲ್ಲಿ ನಿರಂತರ ಈಜಿನಿಂದ ವೃಷಣಗಳ ಅಕಾಲ ಬೆಳವಣಿಗೆ ಕುಂದಿದೆ. ಅಕಾಲಪಕ್ವತೆಯನ್ನು ಬೆಳಕಿನ ಅವಧಿ ಬದಲಿಸಿ ತಡೆಯುವ ಕ್ರಮ ಈಗಾಗಲೇ ಬಳಕೆಯಲ್ಲಿದೆ. ಅದರ ಜೊತೆಗೆ ಹರಿವನ್ನೂ ಸೇರಿಸಿ ನೋಡುವುದು ಸೂಕ್ತ ಎಂಬುದು ನನ್ನ ಅಭಿಪ್ರಾಯ.

ಮೇವಿನ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ನಿರಂತರ ಈಜಿಗೆ ಇಂಧನವಾಗಿ ಮೀನು ಕೊಬ್ಬನ್ನೂ ಪಿಷ್ಟವನ್ನೂ ಹೆಚ್ಚು ಉರಿಸಿ ಪ್ರೋಟೀನನ್ನು ಉಳಿಸಿಕೊಳ್ಳಬಲ್ಲದು. ಟ್ರೌಟ್ ಪಿಷ್ಟವನ್ನು ಬಳಸುವುದರಲ್ಲಿ ಹಿಂದುಳಿದ ಮೀನು, ಆದರೆ ಈಜುವ ಟ್ರೌಟ್ ಅದನ್ನು ಸ್ವಲ್ಪ ಚೆನ್ನಾಗಿ ಬಳಸುತ್ತದೆ. ಮೇವಿನಲ್ಲಿ ಅತಿ ದುಬಾರಿಯಾದ ಪ್ರೋಟೀನ್ ಉರಿದುಹೋಗದೆ ಮಾಂಸವಾದರೆ ನೀರಿಗೆ ಸೇರುವ ಅಮೋನಿಯಾವೂ ಕಡಿಮೆ.

ಮೀನುಗಾರಿಕೆ ವಿದ್ಯಾರ್ಥಿ:

ಹರಿವು ಅತಿಯಾಯಿತೆಂದು ಉಪಕರಣಗಳಿಲ್ಲದೆ ತಿಳಿಯುವುದು ಹೇಗೆ?

ಮೀನುರೋಗ ವೈದ್ಯ:

ತೊಟ್ಟಿಯ ಬಳಿ ಸದ್ದುಮಾಡದೆ ನಿಂತು ನೋಡಬೇಕು. ಹದವಾದ ಹರಿವಿನಲ್ಲಿ ಬಾಲದ ಬಡಿತ ಒಂದೇ ಲಯದಲ್ಲಿರುತ್ತದೆ. ಬಡಿತದ ವೇಗಕ್ಕೂ ಈಜುವ ವೇಗಕ್ಕೂ ನೇರ ಸಂಬಂಧವಿರುವುದನ್ನು ಕೇಂಬ್ರಿಜ್‌ನ ರಿಚರ್ಡ್ ಬೈನ್‌ಬ್ರಿಜ್ ಅವರು 1958ರಲ್ಲಿ, ಸುತ್ತುವ ಉಂಗುರದಂಥ ತೊಟ್ಟಿಯಲ್ಲಿ ಮೀನುಗಳನ್ನು ಈಜಿಸಿ ತೋರಿಸಿದ್ದರು. ಆದ್ದರಿಂದ ಕೆಲವು ಮೀನುಗಳ ಬಡಿತವನ್ನು ಎಣಿಸಿ ಬರೆದಿಟ್ಟುಕೊಂಡರೆ ಮುಂದಿನ ವಾರಕ್ಕೆ ಹೋಲಿಸಲು ಒಂದು ಅಳತೆ ಸಿಗುತ್ತದೆ. ಲಯ ತಪ್ಪಿ, ಮೀನು ಒಮ್ಮೆ ರಭಸದಿಂದ ಮುನ್ನುಗ್ಗಿ ಆಮೇಲೆ ತೇಲುತ್ತ ಹಿಂದೆ ಸರಿಯುವುದು ಕಂಡರೆ ಬಿಳಿ ಸ್ನಾಯು ಕೆಲಸಕ್ಕೆ ಇಳಿದಿದೆ ಎಂದರ್ಥ. ಮೀನುಗಳು ಜಾಲಿಗೆ ಬಾಲ ಆನಿಸಿ ನಿಲ್ಲುವುದು, ಬಾಲದ ರೆಕ್ಕೆಯ ತುದಿ ಸವೆಯುವುದು, ಎಲ್ಲವೂ ನಿಧಾನದ ಜಾಗದಲ್ಲೇ ಒತ್ತಾಗಿ ಸೇರುವುದು ಇನ್ನೂ ಕೆಟ್ಟ ಲಕ್ಷಣಗಳು. ಬಾಯಿ ತೆರೆದು ಈಜುವುದೊಂದನ್ನೇ ನೋಡಿ ಗಾಬರಿಯಾಗಬೇಡಿ: ಸಾಕಷ್ಟು ವೇಗವಿದ್ದಾಗ ಹಲವು ಮೀನುಗಳು ಕಿವಿರ ಮುಚ್ಚಳ ಆಡಿಸುವುದನ್ನು ಬಿಟ್ಟು, ತೆರೆದ ಬಾಯಿಯಿಂದ ನೀರು ತಾನಾಗಿ ಕಿವಿರಿಗೆ ಹರಿಯುವಂತೆ ಮಾಡಿಕೊಂಡು ಉಸಿರಾಟದ ಶ್ರಮವನ್ನು ಉಳಿಸುತ್ತವೆ.

ತೊಟ್ಟಿ ಸಾಕಣೆದಾರ:

ಈಗ ಒಂದು ತೊಟ್ಟಿಯಲ್ಲಿ ಮಾತ್ರ ಆರಂಭಿಸುತ್ತೇನೆ. ಮೀನುಗಳ ಸರಾಸರಿ ಉದ್ದ 20 ಸೆಂಟಿಮೀಟರ್ ಇರುವುದರಿಂದ ಗೋಡೆಗೂ ಕೇಂದ್ರಕ್ಕೂ ನಡುವಿನ ಜಾಗದಲ್ಲಿ ಸೆಕೆಂಡಿಗೆ 20 ಸೆಂಟಿಮೀಟರ್ ಇರುವಂತೆ ಕೊಳವೆಗಳನ್ನು ತಿರುಗಿಸುತ್ತೇನೆ. ಒಮ್ಮೆಲೇ ಮಾಡಬೇಕೇ, ಹಂತಹಂತವಾಗಿ ಏರಿಸಬೇಕೇ?

ಶರೀರಕ್ರಿಯಾ ಅಧ್ಯಾಪಕಿ:

ಹಂತಹಂತವಾಗಿ. ಅರ್ಧ ದೇಹದುದ್ದದಿಂದ, ಅಂದರೆ ಸೆಕೆಂಡಿಗೆ 10 ಸೆಂಟಿಮೀಟರಿನಿಂದ ಆರಂಭಿಸಿ ಒಂದೆರಡು ವಾರಗಳಲ್ಲಿ ಏರಿಸಿ. ಲೋಮನಾಳಗಳು, ಕಿಣ್ವಗಳು ಬದಲಾಗಲು ಅಷ್ಟಾದರೂ ಸಮಯ ಬೇಕು. ಪಕ್ಕದ ತೊಟ್ಟಿಯಲ್ಲಿ ಅದೇ ತಂಡದ ಅಷ್ಟೇ ಮೀನುಗಳನ್ನು ಈಗಿರುವ ಹರಿವಿನಲ್ಲೇ ಇಡಿ, ಮೇವನ್ನು ಎರಡಕ್ಕೂ ತೂಗಿ ಹಾಕಿ. ಪ್ರತಿ ಬಾರಿ ಮಾದರಿ ತೂಕ ನೋಡುವಾಗ ಉದ್ದವನ್ನೂ ಅಳೆದು, ಹೊಸ ಉದ್ದಕ್ಕೆ ತಕ್ಕಂತೆ ಮೊದಲನೆಯ ತೊಟ್ಟಿಯ ವೇಗವನ್ನು ಹೊಂದಿಸಿ. ಎರಡೂ ತೊಟ್ಟಿಗಳ ಸರಾಸರಿ ತೂಕವನ್ನಷ್ಟೇ ಅಲ್ಲ, ಅತಿ ಸಣ್ಣ ಮೀನುಗಳ ತೂಕವನ್ನೂ ಇಲ್ಲಿ ಹಾಕಿದರೆ ನಾವೆಲ್ಲ ಕುಳಿತು ನೋಡೋಣ.